ಆರು ಬೆಲ್ಟಿನ ಗಾಡಿ

ನಮ್ಮ ಭಾವನ ಮನೆಗೆ ಒಂದು ವಸ್ತು ಬರಬೇಕೆಂದು ನಿಮಗೆ ಆಸೆಯಿದ್ದರೆ ಉಪಾಯ ಬಹಳ ಸುಲಭ. ಅವರೆದುರು ನಿಂತು, ‘ಅದು ನಿಮಗೆ ಬೇಡ’ ಎಂದು ಒಂದು ಸಲ ಹೇಳಿಬಿಡಿ. ಸಾಕು! ಮುಂದಿನ ವಾರ ಆ ವಸ್ತು ಹಾಲ್‌ನಲ್ಲಿ ಕೂತಿರುತ್ತದೆ. ಇಬ್ಬರು ಸೇರಿ ಹೇಳಿದರೆ ಎರಡು ಬರುತ್ತವೆ. ಅಕ್ಕನ ಮದುವೆಯ ಸಮಯದಲ್ಲಿ ನಮ್ಮ ಕಡೆಯವರು ಯಾರೋ, ‘ಹುಡುಗ ಹಟಮಾರಿಯಂತೆ, ಈ ಸಂಬಂಧ ಬೇಡ’ ಎಂದಿದ್ದರು. ಆ ಮಾತು ಹೇಗೋ ಭಾವನ ಕಿವಿಗೆ ಬಿತ್ತು. ಮದುವೆ ನಡೆದದ್ದೇ ಅದರಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಭಾವ ಕಾರ್ಕಳದ ಕಡೆಯವರು. ದುಬೈಗೆ ಬಂದು ಹದಿನೆಂಟು ವರ್ಷವಾಯಿತು. ಒಂದು ಕಂಪನಿಯಲ್ಲಿ ಎ.ಸಿ. ರಿಪೇರಿಯವರ ಸೂಪರ್‌ವೈಸರ್. ಊರಿಗೆಲ್ಲ ತಂಪು ಹಂಚುವ ಈ ಮನುಷ್ಯ ಜುಲೈ ತಿಂಗಳ ನಡುಮಧ್ಯಾಹ್ನ ಅಲ್ ಕುಸೈಸ್‌ನ ರಸ್ತೆಯಲ್ಲಿ ದೊಡ್ಡ ಕರಿ ಕೊಡೆ ಬಿಡಿಸಿಕೊಂಡು ನಡೆಯುತ್ತಿದ್ದರು. ಜನ ನಿಂತು ನೋಡುತ್ತಿದ್ದರು. ಅಕ್ಕನಿಗೆ ನಾಚಿಕೆಯಾಗಿ, "ನಿಮ್ಮ ದಮ್ಮಯ್ಯ, ಆ ಕೊಡೆ ಬೇಡ" ಎಂದಳು. ನೋಡಿ, ಬಾಯಲ್ಲಿ ಬಂದೇಬಿಟ್ಟಿತಲ್ಲ ಆ ಶಬ್ದ!

"ಕೊಡೆ ಮಳೆಗೆ ಮಾತ್ರ ಅಂತ ಎಲ್ಲಿ ಬರ್ದಿದೆ? ಮಳೆ ಹೇಗೆ ಮೇಲಿಂದ ಬರ್ತದೋ ಬಿಸಿಲೂ ಹಾಗೇ ಬರ್ತದಲ್ಲ?" ಎಂದು ಮರುದಿನದಿಂದ ಕಸದ ಚೀಲ ಎಸೆಯಲು ಹೋಗುವಾಗಲೂ ಕೊಡೆ ಹಿಡಿದರು. ಈಗ ಆ ಕಟ್ಟಡದ ಅರ್ಧ ಜನ ಬಿಸಿಲಿಗೆ ಕೊಡೆ ಹಿಡಿಯುತ್ತಾರೆ. ಅದನ್ನು ನೋಡಿದ ಮೇಲೆ ಭಾವನಿಗೆ ತಮ್ಮ ಕೊಡೆಯ ಮೇಲಿನ ಆಸಕ್ತಿಯೇ ಕಡಿಮೆಯಾಗಿದೆ.

ಇನ್ನು ನಾನು. ಮೂವತ್ತಾರು ವರ್ಷ, ಮದುವೆಯಾಗಿಲ್ಲ. ಅದಕ್ಕೇನೀಗ? ಅಲ್ ಕುಸೈಸ್‌ನ ಒಂದು ಸ್ಕೂಲಿನಲ್ಲಿ ಒಂಬತ್ತು ವರ್ಷ ಲೈಬ್ರರಿ ನೋಡಿಕೊಂಡವಳು. ಒಂದು ಫ್ಲ್ಯಾಟಿನ ಒಂದು ಕೋಣೆಯಲ್ಲಿ ಮೂರು ಮಂಚಗಳಿದ್ದವು, ಅದರಲ್ಲಿ ಕಿಟಕಿಯ ಕಡೆಯದು ನನ್ನದು. ಇದಕ್ಕೆ ಇಲ್ಲಿ ಬೆಡ್‌ಸ್ಪೇಸ್ ಎನ್ನುತ್ತಾರೆ. ಶನಿವಾರ, ಭಾನುವಾರ ಅಕ್ಕನ ಮನೆಯಲ್ಲಿ ಊಟ, ಸಂಜೆ ಎಲ್ಲರೂ ಸೇರಿ ಭಾವನ ಹಳೆಯ ಕಾರಿನಲ್ಲಿ ತಿರುಗಾಟ. ಮುಂದೆ ಭಾವ, ಅಕ್ಕ. ಹಿಂದೆ ಎಡಗಡೆ ಒಂಬತ್ತು ವರ್ಷದ ಮಗಳು, ಬಲಗಡೆ ಆರು ವರ್ಷದ ಮಗ, ನಡುವೆ ನಾನು, ಅಂದರೆ ಗಡಿ ಭದ್ರತಾ ಪಡೆ. ಎರಡೂ ಕಡೆಯಿಂದ ಗುದ್ದು ಬೀಳುತ್ತಿತ್ತು. ಆದರೂ ವಾರವಿಡೀ ನಾನು ಕಾಯುತ್ತಿದ್ದದ್ದು ಆ ಜಾಗಕ್ಕೇ.

ಹೋದ ಡಿಸೆಂಬರಿನಲ್ಲಿ ಒಂದೇ ವಾರ ಎರಡು ಸುದ್ದಿ ಬಂದವು. ಒಂದು, ಅಕ್ಕನಿಗೆ ಮೂರನೆಯದು, ಆಗಲೇ ಐದು ತಿಂಗಳು. ‘ಈ ವಯಸ್ಸಲ್ಲಾ?’ ಎಂದು ಜನ ಕೇಳಿದರು. ‘ಬೇರೆ ಯಾವ ವಯಸ್ಸಲ್ಲಿ? ಎಪ್ಪತ್ತರಲ್ಲಾ?’ ಎಂದು ಭಾವ ಕೇಳಿದರು. ಎರಡನೆಯ ಸುದ್ದಿ ನನ್ನದು. ಸ್ಕೂಲಿನವರು ಪುಸ್ತಕಗಳನ್ನೆಲ್ಲ ಟ್ಯಾಬ್ಲೆಟ್ಟಿನೊಳಗೆ ಹಾಕುವವರಿದ್ದರು. ಲೈಬ್ರರಿಯ ಕೋಣೆಗೆ ಬೇರೇನೋ ಬರುವುದಿತ್ತು. ಮಾರ್ಚ್ ಕೊನೆಗೆ ನನ್ನ ಕೆಲಸ ಖಲಾಸ್, ಅದರ ಹಿಂದೆಯೇ ವೀಸಾ ಕೂಡ.

ಕಾರಿನ ಹಿಂದಿನ ಸೀಟಿನಲ್ಲಿ ಇನ್ನು ಪುಟ್ಟ ಮಗುವಿನ ಸೀಟು ಕಟ್ಟಬೇಕು. ಹತ್ತು ತುಂಬದ ಮಕ್ಕಳನ್ನು ಮುಂದೆ ಕೂರಿಸುವ ಹಾಗಿಲ್ಲ. ಅಲ್ಲಿಗೆ ಹಿಂದಿನ ಸೀಟು ಭರ್ತಿ! ಕಾರಿನಲ್ಲಿ ನನ್ನ ಜಾಗಕ್ಕೆ ಮಗು, ಸ್ಕೂಲಿನಲ್ಲಿ ನನ್ನ ಜಾಗಕ್ಕೆ ಟ್ಯಾಬ್ಲೆಟ್. ಒಂದೇ ವಾರದಲ್ಲಿ ಒಬ್ಬಳನ್ನು ಎಷ್ಟು ಕಡೆಯಿಂದ ಎಬ್ಬಿಸಬಹುದು ಹೇಳಿ!

ಪುತ್ತೂರಿನಿಂದ ನಮ್ಮ ಅಣ್ಣನ ಫೋನು ಬಂತು. "ಸಾಕು ಮಾರಾಯ್ತಿ ಅಲ್ಲಿ ಕೂತದ್ದು. ಏಪ್ರಿಲಲ್ಲಿ ಬಂದ್ಬಿಡು. ಮಹಡಿ ಕೋಣೆ ಖಾಲಿ ಉಂಟು. ಅಂಗಡಿಗೂ ಒಬ್ರು ಬೇಕಿತ್ತು. ಮತ್ತೆ, ಒಂದು ಸಂಬಂಧ ಕೂಡ ಉಂಟು. ಒಳ್ಳೇ ಜನ, ಹೆಂಡತಿ ತೀರಿ ಎರಡು ವರ್ಷ ಆಯ್ತು."

ಒಂದೇ ಉಸಿರಿನಲ್ಲಿ ಕೋಣೆ, ಅಂಗಡಿ, ಗಂಡ! ನನಗೆ ಮೂರೂ ಬೇಕಿರಲಿಲ್ಲ. ನನಗೆ ಇಲ್ಲೇ ಇರಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಸ್ವಾಭಿಮಾನ ಅಡ್ಡ ಬಂತು. ಯಾರ ಹಂಗಿನಲ್ಲೂ ಇರುವವಳಲ್ಲ ಎಂದು ಊರಿಗೆಲ್ಲ ಸಾರಿದವಳು ನಾನು. ಇದ್ದಬದ್ದ ಸ್ಕೂಲುಗಳಿಗೆಲ್ಲ ಅರ್ಜಿ ಹಾಕಿದೆ. ಒಂದರಿಂದಲೂ ಉತ್ತರವಿಲ್ಲ. ಒಂದು ಭಾನುವಾರ ಊಟಕ್ಕೆ ಕೂತಾಗ, "ನಾನು ಏಪ್ರಿಲಲ್ಲಿ ಊರಿಗೆ ಹೋಗ್ತೇನೆ" ಎಂದು ಘೋಷಿಸಿದೆ. ಯಾರಾದರೂ ‘ಹೋಗಬೇಡ’ ಎನ್ನುತ್ತಾರೇನೋ ಎಂದು ನೋಡಿದೆ. ಅಕ್ಕ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಭಾವ ಬಂಗುಡೆಯ ಮುಳ್ಳು ಬಿಡಿಸುತ್ತಾ, "ಹೂಂ. ಇನ್ನೊಂದು ತುಂಡು ಹಾಕಿಕೋ" ಎಂದರು. ನನಗೆ ಬಂದ ಸಿಟ್ಟಿಗೆ ಎರಡು ತುಂಡು ಹಾಕಿಕೊಂಡೆ.

ಮುಂದಿನ ಭಾನುವಾರ ಭಾವನ ಘೋಷಣೆ. "ಕಾರು ಮಾರ್ತೇನೆ. ಪಿಕಪ್ ತಗೊಳ್ತೇನೆ. ದೊಡ್ಡದು. ಹಳತು."

ಸುದ್ದಿ ನಮ್ಮ ಕರಾವಳಿಯವರ ಸಂಘಕ್ಕೆ ಮುಟ್ಟಿತು. ಮುಂದಿನ ವಾರ ಪಾರ್ಕಿನಲ್ಲಿ ಸಂಘದ ಊಟವಿತ್ತು, ಮಹನೀಯರೆಲ್ಲ ಭಾವನನ್ನು ಸುತ್ತುವರಿದರು. ಪಿಕಪ್ ಎಂದರೆ ನಮ್ಮವರ ಲೆಕ್ಕದಲ್ಲಿ ಸೈಟಿಗೆ ಏಣಿ, ಪೈಪು ಸಾಗಿಸುವ ಗಾಡಿ. ಹೆಂಡತಿ ಮಕ್ಕಳನ್ನು ಅದರಲ್ಲಿ ಕೂರಿಸುವುದೆಂದರೆ ಮರ್ಯಾದೆಯ ಪ್ರಶ್ನೆ.

"ಪಿಕಪ್ಪಾ? ಎಂಥಕ್ಕೆ, ತರಕಾರಿ ಮಾರ್ಲಿಕ್ಕಾ?" ಎಂದರು ಒಬ್ಬರು.

"ಹೌದು. ನಿಮ್ಮಲ್ಲಿಗೆ ದಿನಕ್ಕೆ ಎಷ್ಟು ಕಟ್ಟು ಬಸಳೆ ಬೇಕು?" ಎಂದರು ಭಾವ.

"ತಮಾಷೆ ಅಲ್ಲ ಮಾರಾಯ್ರೆ. ಬಸುರಿ ಹೆಂಗಸು ಅಷ್ಟೆತ್ತರ ಹತ್ತುದು ಹೇಗೆ? ಸೆವೆನ್ ಸೀಟರ್ ತಗೊಳ್ಳಿ. ಎಲ್ಲರೂ ಅದನ್ನೇ ತಗೊಳ್ಳುದು. ಪಿಕಪ್ ನಿಮಗೆ ಬೇಡ."

ಅಯ್ಯೋ, ಹೇಳಿಯೇಬಿಟ್ಟರು! ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಆ ಕ್ಷಣದಲ್ಲಿ ಪಿಕಪ್ ನಮ್ಮ ಮನೆಗೆ ಬಂದಾಗಿತ್ತು. ಇನ್ನು ಹುಡುಕುವುದೊಂದು ಬಾಕಿ.

ಸೆವೆನ್ ಸೀಟರ್ ಎಂದಾಗ ನನಗೆ ನಗು ಬಂತು. ಅದಕ್ಕೊಂದು ಕಥೆಯಿದೆ. ಎರಡು ವರ್ಷದ ಹಿಂದೆ ಭಾವ ಸ್ನೇಹಿತರೊಬ್ಬರಿಂದ ಅಂಥದೊಂದು ಗಾಡಿ ಕೇಳಿ ತಂದಿದ್ದರು. ಆ ಸ್ನೇಹಿತರೂ ಸೇರಿ ಹತ್ತಾ ಎಂಬ ಊರಿನ ಬೆಟ್ಟಗಳ ಕಡೆ ಪಿಕ್‌ನಿಕ್ ಹೊರಟೆವು. ಮೂರನೆಯ ಸಾಲಿನಲ್ಲಿ ನಾನು, ಒಂದು ಕಲ್ಲಂಗಡಿ, ಐಸ್ ಡಬ್ಬ ಮತ್ತು ಮಡಚುವ ಕುರ್ಚಿಗಳು. ಮುಂದೆ ಎಲ್ಲರೂ ನಗುತ್ತಿದ್ದರು, ಏಕೆಂದು ನನಗೆ ಕೇಳಿಸುತ್ತಿರಲಿಲ್ಲ. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಮೂರನೆಯ ಸಾಲಿನವರು ಇಳಿಯಬೇಕಾದರೆ ಎರಡನೆಯ ಸಾಲಿನ ಸೀಟನ್ನು ಹೊರಗಿನವರು ಮಡಚಿಕೊಡಬೇಕು. ಎಲ್ಲರೂ ಇಳಿದರು, ಭಾವ ಕೀಲಿಯ ಗುಂಡಿ ಒತ್ತಿ ಬಾಗಿಲು ಹಾಕಿದರು, ಎಲ್ಲರೂ ಚಹಾಕ್ಕೆ ಹೋದರು. ನಾನು ಕಲ್ಲಂಗಡಿಯ ಜೊತೆ ಒಳಗೆ! ಹತ್ತು ನಿಮಿಷವಾದ ಮೇಲೆ ಹುಡುಗ, "ವೇರ್ ಈಸ್ ಚಿಕ್ಕಿ?" ಎಂದು ಕೇಳಿದಾಗ ಇವರಿಗೆ ನೆನಪಾದದ್ದು. ಚಳಿಗಾಲವಾದ್ದರಿಂದ ಬದುಕಿದೆ.

ಈ ಕಥೆಯನ್ನು ನಾನು ಕಡಿಮೆಯೆಂದರೂ ಐವತ್ತು ಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ಕಲ್ಲಂಗಡಿಗೆ ಕೊಡುವ ಬೆಲೆ ನನಗೆ ಕೊಡಲಿಲ್ಲ, ಬೆಟ್ಟ ಮುಟ್ಟಿದ ಮೇಲೂ ಮೊದಲು ಇಳಿಸಿದ್ದು ಅದನ್ನೇ ಎಂದು ಮುಗಿಸುತ್ತೇನೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಭಾವ ಮಾತ್ರ ಆ ಹೊತ್ತಿಗೆ ಎದ್ದು ಎ.ಸಿ.ಯ ಜಾಲರಿ ನೋಡಲು ಹೋಗುತ್ತಾರೆ. ಹಾಸ್ಯಪ್ರಜ್ಞೆ ಕಡಿಮೆ ಎಂದುಕೊಂಡಿದ್ದೆ.

ಸಂಘದ ಮಹನೀಯರಿಗೆ ಅವತ್ತು ಭಾವ ಹೇಳಿದ್ದು ಇಷ್ಟು. "ಮೂರನೇ ಸಾಲು ಇರುವ ಗಾಡಿ ನನ್ನ ಮನೆಗೆ ಬರುದಿಲ್ಲ. ಮೂರನೇ ಸಾಲಲ್ಲಿ ಸಾಮಾನು ಇಡುದು, ಮನುಷ್ಯರನ್ನಲ್ಲ. ನಂಗೆ ಎರಡೇ ಸಾಲು, ಆರು ಬೆಲ್ಟು."

ಎರಡು ಸಾಲಿನಲ್ಲಿ ಆರು ಜನ! ಅಂಥ ಗಾಡಿ ಇದೆಯೇ? ಇದೆ. ಹಳೆಯ ದೊಡ್ಡ ಅಮೆರಿಕನ್ ಪಿಕಪ್‌ಗಳಲ್ಲಿ ಮುಂದಿನ ಸೀಟು ನಮ್ಮೂರ ಬಸ್ಸಿನ ಸೀಟಿನ ಹಾಗೆ ಉದ್ದಕ್ಕೆ ಒಂದೇ. ಗೇರಿನ ಕೋಲು ಸ್ಟಿಯರಿಂಗಿನ ಪಕ್ಕದಲ್ಲೇ ಇರುವುದರಿಂದ ನಡುವೆ ಇನ್ನೊಬ್ಬರು ಕಾಲು ಚಾಚಿ ಕೂರಬಹುದು. ಮುಂದೆ ಮೂವರು, ಹಿಂದೆ ಮೂವರು. ಹೊಸ ಗಾಡಿಗಳಲ್ಲಿ ಆ ನಡುಜಾಗವನ್ನು ಸಾಮಾನ್ಯವಾಗಿ ಪೆಟ್ಟಿಗೆ, ಬಟನ್ನು, ಫೋನ್ ಇಡುವ ಗುಂಡಿ ಎಂದು ಹಾಳು ಮಾಡಿಟ್ಟಿರುತ್ತಾರೆ. ಹಾಗಾಗಿ ಹಳತೇ ಬೇಕು.

ಆರು ಎಂದರೆ ಯಾರು ಯಾರು? ನಾನು ಬೆರಳು ಮಡಚಿ ಎಣಿಸಿದೆ. ಭಾವ, ಅಕ್ಕ, ಎರಡು ಮಕ್ಕಳು, ಹುಟ್ಟುವ ಮಗು. ಐದು. ಆರನೆಯವರು? ಹೊಳೆಯಿತು. ಬಾಣಂತನ! ಕಾರ್ಕಳದಿಂದ ಭಾವನ ಅಮ್ಮ ಬರುವವರಿರಬೇಕು.

"ಅತ್ತೆ ಬರ್ತಾರಾ ಭಾವ?"

"ಬರುವವರು ಬರ್ತಾರೆ" ಎಂದರು ಭಾವ, ಮುಖ ಎತ್ತದೆ.

ಬಾಣಂತಿಯ ಮನೆಗೆ ಅಜ್ಜಿ ಬರುವುದು ನ್ಯಾಯವೇ. ಆದರೆ ನಾನು? ಆರು ಸೀಟಿನ ಗಾಡಿ ಬಂದರೂ ನನಗೆ ಸೀಟಿಲ್ಲ! ಬೇಡ ಬಿಡಿ, ನನಗೆ ಮೆಟ್ರೋ ಇದೆ. ಏಪ್ರಿಲ್ ಆದಮೇಲೆ ಅದೂ ಇಲ್ಲ. ಅವತ್ತು ಸಂಜೆಯೇ ಹಟಕ್ಕೆ ಬಿದ್ದು ಏಪ್ರಿಲ್ ಮೊದಲ ವಾರಕ್ಕೆ ಮಂಗಳೂರಿನ ಟಿಕೆಟ್ ಮಾಡಿಸಿಬಿಟ್ಟೆ.

ಹುಡುಕಾಟ ಶುರುವಾಯಿತು. ಬೇರೆಯವರು ಹಳೆ ಗಾಡಿ ನೋಡಲು ಹೋಗುವಾಗ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗುತ್ತಾರೆ. ಭಾವ ಇಡೀ ಸಂಸಾರವನ್ನು ಹೊರಡಿಸಿದರು. ಜೊತೆಗೆ ಮಗುವಿನ ಸೀಟು, ಅದರಲ್ಲಿ ಮಗುವಿನ ಬದಲಿಗೆ ಕೂರಿಸಲು ಐದು ಕಿಲೋ ಕುಚ್ಚಲಕ್ಕಿಯ ಚೀಲ, ಮತ್ತು ಅಕ್ಕ ಕಾಲಿಟ್ಟು ಹತ್ತಲು ಊರಿನಿಂದ ತಂದ ಹಲಸಿನ ಮರದ ಮಣೆ.

"ನೀನೂ ಬಾ, ನಡುಸೀಟಲ್ಲಿ ಕೂತು ನೋಡ್ಲಿಕ್ಕೆ ಒಬ್ರು ಬೇಕು" ಎಂದರು ನನಗೆ.

"ಅಂದ್ರೆ ನಾನು ನಿಮ್ಮ ಅಮ್ಮನ ಡಮ್ಮಿ?"

"ಕೂತ್ಕೊಂಡ್ರೆ ಆಯ್ತು, ಮಾತಾಡುದು ಬೇಡ."

ಮೊದಲು ಹೋದದ್ದು ದುಬೈಯ ಹೊರಗೆ ಅವೀರ್ ಕಡೆಯ ಹಳೆ ಗಾಡಿಗಳ ಬಜಾರಿಗೆ. ಸಾಲುಸಾಲು ಗಾಡಿಗಳು ಬಿಸಿಲಲ್ಲಿ ಮಿರಮಿರ ಮಿಂಚುತ್ತಿದ್ದವು. ಪೇಶಾವರದ ವ್ಯಾಪಾರಿಯೊಬ್ಬ ಒಂದು ಕಪ್ಪು ಪಿಕಪ್ ತೋರಿಸಿ ಅದರ ಇಂಜಿನನ್ನು ಹಿಂದಿಯಲ್ಲಿ ವರ್ಣಿಸತೊಡಗಿದ. ಭಾವ ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲ ಕೆಳಗೆ ಮಣೆ ಇಟ್ಟರು. ಹಸೆಮಣೆ ಏರುವ ಮದುಮಗಳ ಹಾಗೆ ಅಕ್ಕ ಹತ್ತಿದಳು. ಹಿಂದೆ ಮಕ್ಕಳು ಹತ್ತಿದರು. ಅಕ್ಕಿಚೀಲಕ್ಕೆ ಬೆಲ್ಟ್ ಕಟ್ಟಿದ್ದಾಯಿತು. ವ್ಯಾಪಾರಿ ಬಾಯಿ ತೆರೆದವನು ತೆರೆದೇ ನಿಂತ. ನಾನು ನಡುಸೀಟಿಗೆ ಜರುಗಿದೆ. ಬೆಲ್ಟ್ ಹುಡುಕಿದೆ. ಇಲ್ಲ!

ಭಾವ ಸೀಟಿನ ಸಂದಿಗೆ ಮೊಣಕೈವರೆಗೆ ಕೈ ಹಾಕಿದರು. ಒಂದು ಪೆನ್ನು, ಖರ್ಜೂರದ ಎರಡು ಬೀಜ, ಯಾರದೋ ಬಾಚಣಿಗೆ ಬಂತು. ಕೊನೆಗೆ ಬೆಲ್ಟೂ ಬಂತು, ಕಂಪನಿಯಲ್ಲಿ ಮಡಚಿಟ್ಟ ಹಾಗೆಯೇ, ಮಡಿಕೆ ಕೂಡ ಬಿಚ್ಚದೆ. ಕೊಂಡಿಗೆ ಹಾಕಿದರೆ ಕಚ್ಚಲೊಲ್ಲದು.

"ಭಾಯ್ ಸಾಬ್, ಅದು ಸೀಟಲ್ಲ" ಎಂದು ವ್ಯಾಪಾರಿ ನಕ್ಕು, ನನ್ನನ್ನು ಆಚೆ ಸರಿಸಿ, ನಡುಸೀಟಿನ ಒರಗನ್ನು ಮುಂದಕ್ಕೆ ಮಡಚಿ ತೋರಿಸಿದ. ಅದರ ಬೆನ್ನಿನಲ್ಲಿ ಎರಡು ಗುಂಡಿಗಳು. "ನೋಡಿ, ಚಹಾ ಇಡುವ ಜಾಗ!"

ಭಾವ ಆ ಒರಗನ್ನು ಹಿಂದಕ್ಕೆ ತಳ್ಳಿ ನೆಟ್ಟಗೆ ಮಾಡಿದರು. "ಇಲ್ಲಿ ನನ್ನ ಮನೆಯವರು ಕೂತ್ಕೊಳ್ತಾರೆ. ಚಾ ಅಲ್ಲ" ಎಂದು ಕನ್ನಡದಲ್ಲೇ ಹೇಳಿದರು. ಪೇಶಾವರದವನಿಗೆ ಎಷ್ಟು ಅರ್ಥವಾಯಿತೋ, ನಗು ನಿಲ್ಲಿಸಿದ.

ಹೀಗೆ ಎಷ್ಟೋ ವಾರ ನಡೆಯಿತು. ಯಾವ ಗಾಡಿಗೂ ನಡುಬೆಲ್ಟ್ ಸರಿಯಿಲ್ಲ. ಬಜಾರಿನಲ್ಲಿ ನಮ್ಮ ಹೆಸರು ಪ್ರಸಿದ್ಧವಾಯಿತು. ನಾವು ಕಾರಿನಿಂದ ಇಳಿಯುತ್ತಿದ್ದ ಹಾಗೆ ವ್ಯಾಪಾರಿಗಳು ಒಬ್ಬರಿಗೊಬ್ಬರು ‘ಅಕ್ಕಿ ಬಂತು, ಅಕ್ಕಿ ಬಂತು’ ಎಂದು ಹೇಳಿಕೊಳ್ಳುತ್ತಿದ್ದರು.

ಫೆಬ್ರವರಿಯಲ್ಲಿ ಅಲ್ ಐನ್‌ನಿಂದ ಒಂದು ಜಾಹೀರಾತು ಸಿಕ್ಕಿತು. ಊರಿಗೆ ಮರಳುತ್ತಿದ್ದ ಮಲಯಾಳಿ ಮೇಷ್ಟ್ರು ಒಬ್ಬರ ಬಿಳಿ ಪಿಕಪ್. ಒಂದೂವರೆ ಗಂಟೆಯ ದಾರಿ. ಹಳೆ ಕಾರಿನಲ್ಲಿ ನಾವು ಐವರು, ಅಕ್ಕಿಚೀಲ ನನ್ನ ಮಡಿಲಲ್ಲಿ. ಹುಡುಗನಿಗೆ ದಾರಿಯಲ್ಲಿ ಎರಡು ಸಲ ವಾಂತಿಯಾಯಿತು. ಆದರೆ ಗಾಡಿ ನೋಡಬೇಕು, ಎಷ್ಟು ಚೆಂದ! ಮೇಷ್ಟ್ರು ಅದನ್ನು ಪೂಜೆಯ ಪಾತ್ರೆಯ ಹಾಗೆ ಇಟ್ಟುಕೊಂಡಿದ್ದರು. ಎ.ಸಿ. ಹಿಂದಿನ ಸೀಟಿನವರೆಗೂ ತಣ್ಣಗೆ. ಅಕ್ಕಿಚೀಲ ಆರಾಮಾಗಿ ಕೂತಿತು. ನಡುಬೆಲ್ಟು ಟಕ್ ಎಂದು ಕಚ್ಚಿತು. ಅಕ್ಕ ಮನಸ್ಸಿನಲ್ಲೇ ಕೈಮುಗಿದಳು.

"ಕಾಲು ಚಾಚು" ಎಂದರು ಭಾವ ನನಗೆ. ಚಾಚಿದೆ. ಡ್ಯಾಶ್‌ಬೋರ್ಡಿನ ಕೆಳಗೆ ಎಂಥದೋ ಪೆಟ್ಟಿಗೆ ಕೂರಿಸಿದ್ದರು, ಮೊಣಕಾಲಿಗೆ ಒಂದಿಷ್ಟು ತಾಗಿತು.

"ಆಗುದಿಲ್ಲ" ಎಂದು ಭಾವ ಇಳಿದೇಬಿಟ್ಟರು.

ನನಗೆ ತಡೆಯಲಾಗಲಿಲ್ಲ. "ಭಾವ, ನಿಮಗೆ ತಲೆ ಸರಿ ಉಂಟಾ? ತಾಗುದು ನನ್ನ ಮೊಣಕಾಲು! ನಿಮ್ಮ ಅಮ್ಮ ನನ್ನ ಭುಜಕ್ಕೂ ಬರುದಿಲ್ಲ. ಅವರು ಇಲ್ಲಿ ಕೂತ್ರೆ ಕಾಲು ನೆಲಕ್ಕೇ ಮುಟ್ಟುದಿಲ್ಲ!"

"ತಾಗ್ತದೆ ಅಂದ್ರೆ ತಾಗ್ತದೆ. ಯಲ್ಲಾ, ಹೋಗುವ."

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಭಾವ ಅವಳನ್ನು ಒಂದು ನೋಟ ನೋಡಿದರು. ಅವಳು ಬಾಯಿ ಮುಚ್ಚಿಕೊಂಡು ಕಿಟಕಿಯಾಚೆ ಖರ್ಜೂರದ ತೋಟ ನೋಡತೊಡಗಿದಳು. ಗಂಡನ ಹುಚ್ಚಿಗೆ ಹೆಂಡತಿಯೂ ಒಗ್ಗಿಹೋದಳಲ್ಲ ಎಂದು ನಾನು ದಾರಿಯುದ್ದಕ್ಕೂ ಗೊಣಗಿದೆ. ಅಮ್ಮನ ಮೇಲೆ ಪ್ರೀತಿ ಇರಲಿ, ಆದರೆ ಇಲ್ಲದ ಮೊಣಕಾಲಿಗೆ ನೋವಾಗುವಷ್ಟು ಪ್ರೀತಿಯೇ?

ಮಾರ್ಚ್ ಬಂತು. ನಾನು ಲೈಬ್ರರಿಯ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತಿದ್ದೆ. ನನ್ನ ಸಾಮಾನಿಗೂ ಅದೇ ಅಳತೆಯ ಎರಡು ಪೆಟ್ಟಿಗೆ ತಂದಿಟ್ಟುಕೊಂಡೆ. ಒಂಬತ್ತು ವರ್ಷ ಎರಡೇ ಪೆಟ್ಟಿಗೆಯಲ್ಲಿ ಹಿಡಿಯಿತು. ಅಳು ಬಂತೇ ಎಂದು ಕೇಳುತ್ತೀರಾ? ಬಂತು, ಏನೀಗ?

ಆಗ ಅಬುಧಾಬಿಯಿಂದ ಕರೆ ಬಂತು. ಅಲ್ಲಿನ ಖಾಲಿದಿಯಾ ಬಡಾವಣೆಯಲ್ಲಿ ಬಟ್ಟೆ ವ್ಯಾಪಾರದ ಭಟ್ಕಳದ ಹಿರಿಯರೊಬ್ಬರು ತಮ್ಮ ಪಿಕಪ್ ಕೊಡುವವರಿದ್ದಾರೆ, ಕೊಡುವುದಾದರೆ ಮನೆಮಂದಿಯಿರುವವರಿಗೇ ಕೊಡುತ್ತಾರಂತೆ. ಹೊರಟಿತು ನಮ್ಮ ದಂಡು. ಅಕ್ಕನಿಗೆ ಎಂಟು ತುಂಬಿತ್ತು. ಗಾಡಿ ಬೆಲ್ಲದ ಬಣ್ಣದ್ದು, ಎರಡೂ ಬದಿಗೆ ಕಾಲಿಡಲು ಅಗಲವಾದ ಪಟ್ಟಿ. ಮಣೆ ಬೇಕಾಗಲಿಲ್ಲ. ಭಾವ ಆದರೂ ಇಟ್ಟರು.

"ಬನ್ನಿ ಬನ್ನಿ, ಮೊದ್ಲು ಚಾ" ಎಂದು ಹಿರಿಯರು ಕರೆದರು. ಅಕ್ಕಿಚೀಲವನ್ನು ನೋಡಿ, "ಅಕ್ಕಿ ಯಾಕೆ ತಂದ್ರಿ? ಊಟ ನಮ್ಮಲ್ಲೇ ಮಾಡಿಸಿದ್ದೀವಲ್ಲ" ಎಂದು ಬೇಜಾರು ಮಾಡಿಕೊಂಡರು. ಅದು ಊಟಕ್ಕಲ್ಲ, ಮಗು ಎಂದು ಭಾವ ವಿವರಿಸಿದರು. ಹಿರಿಯರು ಅಕ್ಕಿಯನ್ನೂ ಅಕ್ಕನನ್ನೂ ಒಮ್ಮೆ ನೋಡಿ, "ಮಾಶಾಲ್ಲಾ" ಎಂದರು.

ನಾನು ನಡುಸೀಟಿಗೆ ಹತ್ತಿದೆ. ಇಷ್ಟು ವಾರಗಳಲ್ಲಿ ಅಭ್ಯಾಸವಾಗಿಹೋಗಿತ್ತು. ಬೆಲ್ಟ್ ಎಳೆದೆ. ಟಕ್ ಎಂದಿತು. ಕಾಲು ಚಾಚಿದೆ. ಎಲ್ಲೂ ತಾಗಲಿಲ್ಲ. ಭಾವ ಬಗ್ಗಿ ಆ ಬೆಲ್ಟಿನ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಅಂಚು ಸವೆದು ನಯವಾಗಿತ್ತು.

"ಇಲ್ಲಿ ಯಾರೋ ಕೂತಿದ್ದಾರೆ" ಎಂದರು.

"ನಮ್ಮ ತಾಯಿ" ಎಂದರು ಹಿರಿಯರು. "ಹನ್ನೆರಡು ವರ್ಷ ಅಲ್ಲೇ ಕೂತು ನನಗೆ ಡ್ರೈವಿಂಗ್ ಕಲಿಸಿದ್ರು. ಅವರಿಗೆ ಸೈಕಲ್ಲೂ ಬರ್ತಾ ಇರಲಿಲ್ಲ! ಎ.ಸಿ. ಅವರದ್ದು, ರೇಡಿಯೋ ಅವರದ್ದು, ಯಾವ ದಾರಿಯಲ್ಲಿ ಹೋಗಬೇಕು ಅನ್ನೋದೂ ಅವರದ್ದು. ನಂದು ಸ್ಟಿಯರಿಂಗ್ ಮಾತ್ರ." ಬಾಗಿಲ ಮೇಲೆ ಕೈಯಿಟ್ಟು, "ಈಗ ನಡುವೆ ಯಾರೂ ಇಲ್ಲ. ದೊಡ್ಡದಾಗಿ ಕಾಣ್ತದೆ ಗಾಡಿ" ಎಂದರು.

ಭಾವ ಇಂಜಿನ್ ನೋಡಿದ್ದು ಆಮೇಲೆ. ನೋಡುವ ಮೊದಲೇ ತೀರ್ಮಾನವಾಗಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಟೆಸ್ಟಿಂಗು, ಇನ್ಶೂರೆನ್ಸು, ಹೆಸರು ಬದಲಾವಣೆ ಎಲ್ಲ ಮುಗಿದು ಮುಂದಿನ ಶನಿವಾರ ಬೆಲ್ಲದ ಬಣ್ಣದ ಆ ಗಾಡಿ ಅಕ್ಕನ ಕಟ್ಟಡದ ಎದುರು ನಿಂತಿತು. ಕೆಳಗಿನ ಪಾರ್ಕಿಂಗಿಗೆ ಅದು ನುಗ್ಗಲೇ ಇಲ್ಲ. ಮೂತಿ ಒಳಗೆ, ಬಾಲ ರಸ್ತೆಯಲ್ಲಿ! ವಾಚ್‌ಮನ್ ಓಡಿಬಂದು, ಸಾಮಾನು ಇಳಿಸುವ ಗಾಡಿಗಳು ಹಿಂದಿನ ಗೇಟಿಗೆ ಹೋಗಬೇಕೆಂದ. "ಸಾಮಾನಲ್ಲ, ಸಂಸಾರ" ಎಂದು ಭಾವ ಎದೆಯುಬ್ಬಿಸಿ ಹೇಳಿದರು.

ಗಾಡಿಗೆ ನಿಂಬೆಹಣ್ಣು ಇಟ್ಟು, ಹೂ ಹಾಕಿ, ಎಲ್ಲರೂ ಹತ್ತಿದೆವು. ಮೊದಲ ಸವಾರಿಗೆ ನಾನೂ ಇರಲಿ ಎಂದು ಅಕ್ಕ ಎಳೆದಳು. ನಾನು ಹತ್ತಿದ್ದೂ ಅವಳ ಒತ್ತಾಯಕ್ಕೇ, ನನ್ನ ವಿಮಾನಕ್ಕೆ ಇನ್ನು ಹತ್ತು ದಿನವಿತ್ತು. ಹೊರಡುವ ಮೊದಲು ಗಾಡಿ ತೋರಿಸೋಣವೆಂದು ಅಕ್ಕ ಕಾರ್ಕಳಕ್ಕೆ ವಿಡಿಯೋ ಕಾಲ್ ಹಚ್ಚಿ, ಫೋನು ನನ್ನ ಕೈಗೆ ಕೊಟ್ಟಳು. ಪರದೆಯಲ್ಲಿ ಭಾವನ ಅಮ್ಮನ ಅರ್ಧ ಹಣೆ ಕಾಣಿಸಿತು.

"ಅತ್ತೆ, ನೋಡಿ, ನಿಮ್ಮ ಸೀಟು! ಮೂರು ತಿಂಗಳು ನಾನು ಕಾಯ್ದು ಬೆಚ್ಚಗೆ ಇಟ್ಟದ್ದು. ಇನ್ನು ನೀವುಂಟು, ನಿಮ್ಮ ಮಗ ಉಂಟು" ಎಂದೆ.

"ನನ್ನ ಸೀಟಾ?" ಹಣೆ ಗಂಟಿಕ್ಕಿತು. "ನನಗೆ ಎಂತ ಸೀಟು? ನಾನು ವಿಮಾನ ಹತ್ತುದಿಲ್ಲ ಅಂತ ದೀಪಾವಳಿಗೇ ಹೇಳಿ ಆಗಿದೆ. ಬಾಣಂತನಕ್ಕೆ ತಂಗಿ ಇದ್ದಾಳಲ್ಲ ಅಂತ ಅವನೇ ಹೇಳಿದ್ದು. ಅದು ನಿನ್ನ ಸೀಟಲ್ವಾ? ‘ಅವಳ ಕಾಲು ಉದ್ದ ಅಮ್ಮ, ಮೊಣಕಾಲು ತಾಗ್ತದೆ, ಸರಿಯಾದ ಗಾಡಿ ಸಿಗುದಿಲ್ಲ’ ಅಂತ ವಾರ ವಾರ ಫೋನ್ ಮಾಡಿ ನನ್ನ ತಲೆ ತಿಂದಿದ್ದಾನೆ. ನಿಂಗೆ ಹೇಳ್ಲಿಲ್ವಾ ಅವ?"

ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು, ಅಲ್ ಐನ್‌ನಲ್ಲಿ ನೋಡಿದ ಹಾಗೆಯೇ. ಈಗ ಇಲ್ಲಿ ನೋಡಲು ಖರ್ಜೂರದ ತೋಟವೇನೂ ಇರಲಿಲ್ಲ. ಭಾವನ ಕಿವಿ ಕೆಂಪಾಗಿತ್ತು. ಅವರು ಎ.ಸಿ.ಯ ಗುಂಡಿಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು.

"ಯಾಕೆ ಹೇಳ್ಲಿಲ್ಲ ಭಾವ?" ಎ‌ಂದೆ.

"ಹೇಳಿದ್ರೆ?" ಎಂದರು ಭಾವ, ರಸ್ತೆಯನ್ನೇ ನೋಡುತ್ತಾ. "‘ನನಗೆ ಬೇಡ, ನಾನು ಯಾರ ಹಂಗಲ್ಲೂ ಇರುವವಳಲ್ಲ’ ಅಂತಿದ್ದೆ. ನೀನು ಒಂದು ಸಲ ಆದ್ರೂ ಇಲ್ಲಿ ಕೂತು ನೋಡ್ತಿದ್ಯಾ? ಹಟಮಾರಿ." ಆಮೇಲೆ ದನಿ ತಗ್ಗಿಸಿ, "ಒಂದು ಸಲ ಬಾಗಿಲು ಹಾಕಿ ಹೋಗಿದ್ದೆ, ಸಾಕು. ಕೆಲಸ ನಿಧಾನಕ್ಕೆ ನೋಡುವ. ಬೆಲ್ಟ್ ಹಾಕು" ಎಂದರು.

ಆ ಕಲ್ಲಂಗಡಿಯ ಕಥೆಯನ್ನು ನಾನು ಐವತ್ತು ಮನೆಯಲ್ಲಿ ಹೇಳಿ ನಗಿಸುವಾಗಲೆಲ್ಲ ಈ ಮನುಷ್ಯ ಎದ್ದು ಹೋಗಿ ಎ.ಸಿ.ಯ ಜಾಲರಿಯಲ್ಲಿ ಏನು ನೋಡುತ್ತಿದ್ದರು ಎಂದು ನನಗೆ ಆಗ ಗೊತ್ತಾಯಿತು. ಹೂಂ, ಅಳು ಬಂತು. ಹಿಂದಿನಿಂದ ಹುಡುಗ, "ಚಿಕ್ಕಿ, ಆರ್ ಯೂ ಕ್ರೈಯಿಂಗ್?" ಎಂದು ಕೇಳಿದ. "ಎ.ಸಿ. ಗಾಳಿ" ಎಂದೆ. ಬೆಲ್ಟ್ ಹಾಕಿಕೊಂಡು, ಅಲ್ಲೇ ಕೂತು ಪುತ್ತೂರಿಗೆ ಫೋನ್ ಮಾಡಿದೆ. "ಅಣ್ಣ, ನಾನು ಬರುದಿಲ್ಲ. ಮಹಡಿ ಕೋಣೆ ಬಾಡಿಗೆಗೆ ಕೊಡು. ಸಂಬಂಧದವರಿಗೂ ಹೇಳು, ಹುಡುಗಿ ಹಟಮಾರಿ, ಬೇಡ ಅಂತ."

ಮಗು ಏಪ್ರಿಲ್ ಕೊನೆಗೆ ಹುಟ್ಟಿತು. ಹೆಣ್ಣು. ಅಕ್ಕಿಚೀಲಕ್ಕಿಂತ ಹಗುರ, ಸದ್ದು ಮಾತ್ರ ಜಾಸ್ತಿ. ಬಾಣಂತನ ಮಾಡಿದ್ದು ನಾನೇ, ನನಗೆ ಬರುವಷ್ಟು. ವೀಸಾ ಕ್ಯಾನ್ಸಲ್ ಆದಮೇಲೂ ಇಲ್ಲಿ ಒಂದಷ್ಟು ದಿನ ಉಳಿಯಲು ಬಿಡುತ್ತಾರೆ. ಆ ದಿನಗಳು ಮುಗಿಯುತ್ತಾ ಬಂದಾಗ ಒಂದು ಸ್ಕೂಲಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ಎಲ್ಲಿ ಅಂತೀರಿ? ಅಲ್ ಐನ್‌ನಲ್ಲಿ! ಈಗ ಶುಕ್ರವಾರ ಸ್ಕೂಲು ಬಿಡುವ ಹೊತ್ತಿಗೆ ಬೆಲ್ಲದ ಬಣ್ಣದ ಗಾಡಿ ಗೇಟಿನೆದುರು ಬಂದು ನಿಲ್ಲುತ್ತದೆ. ಬಸ್ಸಿನಲ್ಲಿ ಬರುತ್ತೇನೆ, ನೀವು ಬರುವುದು ಬೇಡ ಎಂದು ನಾನು ಒಂದು ಸಲ ಹೇಳಿದ್ದೆ. ಹೇಳಬಾರದಿತ್ತು.

ವಾರದ ಉಳಿದ ದಿನಗಳಲ್ಲಿ ನಡುಸೀಟು ಸುಮ್ಮನೆ ಖಾಲಿ ಇರುತ್ತದಲ್ಲ, ಒರಗು ಮಡಚಿಟ್ಟರೆ ಚಹಾದ ಕಪ್ಪಾದರೂ ಇಡಬಹುದು ಎಂದು ಅಕ್ಕ ಮೊನ್ನೆ ಹೇಳಿದಳಂತೆ.

"ಖಾಲಿ ಎಲ್ಲುಂಟು? ಶುಕ್ರವಾರ ಬರ್ತಾಳಲ್ಲ" ಎಂದರಂತೆ ಭಾವ. ಚಹಾ ಬೇಕೆನಿಸಿದರೆ ಇವತ್ತಿಗೂ ಗಾಡಿ ನಿಲ್ಲಿಸಿ, ಕೆಳಗಿಳಿದು, ಬಿಸಿಲಲ್ಲಿ ನಿಂತುಕೊಂಡೇ ಕುಡಿದು ಹತ್ತುತ್ತಾರೆ.